ಹಾರದ ವಿಮಾನಕ್ಕೊಂದು ಅಕ್ಷರ

ಚಿದ್ರಿಯ ಓಣಿಯಲ್ಲಿ ಇನ್ನೂ ನಸುಕು. ಅಂಗಳದಲ್ಲಿ ಮಣೆಯ ಮೇಲೆ ಕೂತ ಪೇಂಟರ್ ರಾಜರತ್ನ, ಹಲಗೆಯ ಮೇಲೆ ಸುಣ್ಣದ ದಾರ ಹಿಡಿದು ಚಟ್ಟನೆ ಬಡಿಯುತ್ತಾರೆ. ನೇರ ಗೆರೆ ಮೂಡುತ್ತದೆ. "ಉಸರು ಬಿಗಿ ಹಿಡದು ಎಳಿಬೇಕವ್ವ, ಇಲ್ಲಂದ್ರ ಅಕ್ಷರ ನಡಗ್ತದ," ಎನ್ನುತ್ತಾರೆ ಎದುರು ಕೂತ ಶಿಷ್ಯೆ ಕುಬರಾಗೆ. ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನವೊಂದು ಗುಡುಗುತ್ತ ಹೋಗುತ್ತದೆ. ಇಬ್ಬರೂ ಕತ್ತೆತ್ತುವುದಿಲ್ಲ; ಬೀದರಿನವರಿಗೆ ಅದು ಕೋಳಿ ಕೂಗಿದಷ್ಟೇ ಮಾಮೂಲು.

ಭಾಲ್ಕಿ, ಔರಾದ ಕಡೆ ಅಂಗಡಿಗಳ ಬೋರ್ಡು ಓದಿದವರೆಲ್ಲ ಇವರ ಕೈಬರಹ ಓದಿದವರೇ. ಬರೆದವರ್ಯಾರು ಎಂದು ನಾವ್ಯಾರೂ ಕೇಳಿಲ್ಲ, ಬಿಡಿ. ಕಮಲನಗರದಲ್ಲಿ ಕನ್ನಡದ ಪಕ್ಕ ಮರಾಠಿಯನ್ನೂ ಅಷ್ಟೇ ದುಂಡಗೆ ಬರೆದ ಕೈ ಇದು. ಹೋದ ವರ್ಷ ಭಾಲ್ಕಿಯಲ್ಲಿ ಏಣಿ ಜಾರಿ ಸೊಂಟ ಮುರಿಯಿತು. ಇನ್ನು ಹತ್ತುವಂತಿಲ್ಲ ಎಂದರು ಡಾಕ್ಟರು.

"ನಿಚ್ಚಣಿಕಿ ಹತ್ತಲಾರ್ದಂವ ಎಂಥಾ ಪೇಂಟರ್ ರೀ? ಬ್ರಶ್ ಎಲ್ಲಾ ಕುಬರಾಗ ಕೊಟ್ಬಿಡು ಅಂದೆ ನಮ್ ಮನಿಯಾಕಿಗಿ," ಎಂದು ನನಗೆ ಹೇಳುತ್ತಾರೆ ರಾಜರತ್ನ.

ಹೆಂಡತಿ ಮಾಯಾ ಒಳಗಿನಿಂದಲೇ ಗದರುತ್ತಾರೆ: "ಗ್ವಾಡಿಗಿ ಮಾರಿ ಮಾಡಿ ಮಲಗ್ತಿದ್ರು. ಅದೂ ಹೇಳ್ರಿ!"

ಅವರನ್ನು ಎಬ್ಬಿಸಿದ್ದು ಕುಬರಾ ಹಿಡಿದು ತಂದ ಒಂದು ಕೆಲಸ. ಔರಾದದ ಕಾಲೇಜೊಂದರ ಪ್ರದರ್ಶನಕ್ಕೆಂದು ಮಾಡಿದ ಅಮೆರಿಕದ ಸೇನಾ ವಿಮಾನಗಳ ಮರದ ಮಾದರಿಗಳು; ಅವುಗಳ ಮೇಲೆ ಅಕ್ಷರ ಬರೆಯಬೇಕು. ಕೂತೇ ಬರೆಯಬಹುದು. ಉಪನ್ಯಾಸಕ ಶಿವಕಾಂತ ಮನೆಗೇ ಬಂದು ವಿವರಿಸಿದರು: ಅಮೆರಿಕದಲ್ಲಿ ವಿಮಾನಕ್ಕೆ ಅಕ್ಷರ ಸಿಗುವುದು ಅದು ಮಾಡುವ ಕೆಲಸದಿಂದ. ಕಾದಾಡುವುದಕ್ಕೆ ಎಫ್, ಬಾಂಬು ಹಾಕುವುದಕ್ಕೆ ಬಿ, ಸಾಮಾನು ಹೊರುವುದಕ್ಕೆ ಸಿ, ಪೈಲಟ್ಟುಗಳಿಗೆ ಕಲಿಸುವುದಕ್ಕೆ ಟಿ. ಒಂದಕ್ಕೆ ಮಾತ್ರ ಎಫ್‌ಗಿಂತ ಮೊದಲು ಜಿ ಬರೆಯಬೇಕಿತ್ತು.

"ಇದ್ಯಾಕ್ರೀ ಸರ?" ಎಂದರು ರಾಜರತ್ನ.

"ಅದು ಇನ್ನ ಹಾರಂಗಿಲ್ಲ ರೀ. ನೆಲದ ಮ್ಯಾಲೆ ನಿಂತು ಕಲಿಯೋರಿಗಿ ಕೆಲಸ ಕಲಸ್ತದ. ಅದಕ್ಕ ಮೊದಲ ಜಿ ಹಚ್ತಾರ, ಜಿ ಅಂದ್ರ ಗ್ರೌಂಡು. ಹಳೀ ಎಫ್ ಅಳಸಂಗಿಲ್ಲ."

ರಾಜರತ್ನ ಬ್ರಶ್ ಕೆಳಗಿಟ್ಟು ಅತ್ತುಬಿಟ್ಟರಂತೆ. ಅಲ್ಲಿಯವರೆಗೆ ಬಣ್ಣವಷ್ಟೇ ಕಲಸಿಕೊಡುತ್ತಿದ್ದ ಕುಬರಾಗೆ ಮರುದಿನ ನಸುಕಿನಿಂದಲೇ ಪಾಠ ಶುರುವಾಯಿತು.

ಇವತ್ತಿನದು ಠಾಣಾ ಕುಶನೂರಿನ ಕಿರಾಣಿ ಅಂಗಡಿಯ ಬೋರ್ಡು. ಗೆರೆ ಇವರದು, ಅಕ್ಷರ ಕುಬರಾದು. ಏಣಿ ಹತ್ತಿ ಕೂರಿಸುವವಳೂ ಅವಳೇ. ಕೆಲಸ ಮುಗಿಸಿ ಮೂಲೆಯಲ್ಲಿ ತನ್ನ ಹೆಸರು ಬರೆದ ಹುಡುಗಿ ಬ್ರಶ್ ಚಾಚುತ್ತಾಳೆ: "ಉಸ್ತಾದ್, ನಿಮ್ದೂ ಇರ್ಲಿ ರೀ. ನೀವಿಲ್ದ ಇದು ಆಗ್ತಿತ್ತೇನು?"

ಮುಂದಿನ ಆಸೆ ಏನು ಎಂದು ನಾನು ಕೇಳುತ್ತೇನೆ. "ಹತ್ತೂದು ಬಿಟ್ಟೀನಿ ರೀ. ಹೆಸರು ಒಂದು ಅಳಸಬ್ಯಾಡ್ರಿ, ಸಾಕು," ಎಂದವರೇ ಉಸಿರು ಬಿಗಿಹಿಡಿದು ಅವಳ ಹೆಸರಿನ ಕೆಳಗೆ ಬರೆಯುತ್ತಾರೆ. ಅಕ್ಷರ ನಡುಗುವುದಿಲ್ಲ.

"ಓದ್ರಿ," ಎನ್ನುತ್ತಾರೆ ನನಗೆ.

ಓದುತ್ತೇನೆ: ಜಿ-ಪೇಂಟರ್ ರಾಜರತ್ನ.