ಬಾಕಿದಾರರ ಬೋರ್ಡು

ಬೆಳಿಗ್ಗೆ ಕಸದ ಗಾಡಿ ಬಂದಿತ್ತು. ಈ ತಿಂಗಳೊಳಗೆ ಮನೆ ಕಂದಾಯ ಕಟ್ಟಿದರೆ ರಿಯಾಯಿತಿ ಉಂಟೆಂದು ಅದರ ಮೈಕಿನಲ್ಲಿ ಒಂದು ಹೆಣ್ಣುದನಿ ಬಲು ಮರ್ಯಾದೆಯಿಂದ ಹೇಳುತ್ತಿತ್ತು. ತುಮಕೂರಿನಲ್ಲಿ ಈಗ ಕಂದಾಯ ಕೇಳುವ ರೀತಿ ಇಷ್ಟು ನಯವಾಗಿದೆ. ಒಂದು ಕಾಲದಲ್ಲಿ ನಾನು ಕೇಳಿದ ರೀತಿ ನೆನಪಾಗಿ, ಕಸದ ಬುಟ್ಟಿ ಹಿಡಿದುಕೊಂಡೇ ನಕ್ಕುಬಿಟ್ಟೆ. ಗಾಡಿಯವನು ನನ್ನನ್ನು ಒಂಥರಾ ನೋಡಿದ.

ನಿಮಗೆ ಹೇಳಿಬಿಡುತ್ತೇನೆ. ನಾನಾಗ ಚೇಳೂರಿನ ಆಚೆಯ ಒಂದು ಪಂಚಾಯಿತಿಗೆ ಹೊಸದಾಗಿ ಬಂದ ಕಾರ್ಯದರ್ಶಿ. ಹೊಸ ಅಧಿಕಾರ, ಇಸ್ತ್ರಿ ಮಾಡಿದ ಅಂಗಿ. ಬಿಲ್ ಕಲೆಕ್ಟರ್ ಗಂಗಣ್ಣ ಒಂದೊಂದು ಮನೆಯಲ್ಲೂ ಒಂದು ಹೊತ್ತು ಕಳೆಯುವುದನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಜಗಲಿಯ ಮೇಲೆ ಕೂರುವುದು, ಮಜ್ಜಿಗೆ ಕುಡಿಯುವುದು, ಹಸು ಕರು ಹಾಕಿತೇ ಎಂದು ವಿಚಾರಿಸುವುದು, ಇದೂ ಒಂದು ಕೆಲಸವೇ? ಅವರ ತಿರುಗಾಟ ನಿಲ್ಲಿಸಿದೆ. ಕಚೇರಿಗೇ ಬಂದು ಕಟ್ಟಿ ಎಂದು ಊರಲ್ಲಿ ಸಾರಿಸಿ, ಕಟ್ಟದವರ ಹೆಸರನ್ನೆಲ್ಲ ದೊಡ್ಡ ಬೋರ್ಡಿನ ಮೇಲೆ ಬರೆಸಿ ಅರಳಿಕಟ್ಟೆಯ ಎದುರು ನಿಲ್ಲಿಸಿದೆ.

ಹೆಸರುಗಳನ್ನು ಖಾತೆ ಪುಸ್ತಕದಿಂದ ಇಳಿಸಿದ್ದೆ. ನಮ್ಮ ಕಡೆ ಖಾತೆ ಯಾರ ಹೆಸರಿನಲ್ಲಿ ಉಳಿದಿರುತ್ತದೆ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಬೋರ್ಡಿನಲ್ಲಿದ್ದ ಮುಕ್ಕಾಲು ಮಂದಿ ಎಂದೋ ಶಿವನ ಪಾದ ಸೇರಿದ್ದರು.

ಮೊದಲು ಬಂದವರು ಗೌರಮ್ಮ. ತೀರಿಕೊಂಡು ಎಷ್ಟೋ ವರ್ಷವಾಗಿದ್ದ ಅವರ ಗಂಡ ಬೋರ್ಡಿನಲ್ಲಿ ಬಾಕಿದಾರರಾಗಿದ್ದರು.

"ಬದುಕಿರೋಗಂಟ ಯಾರ್ ತಾವೂ ಒಂದ್ ಪೈಸೆ ಬಾಕಿ ಉಳಿಸ್ಕಂಡೋರಲ್ಲ. ಸತ್ತ್ ಮ್ಯಾಲೆ ಬೀದೀಲಿ ನಿಲ್ಲಿಸ್ಬುಟ್ಯಲ್ಲಪ್ಪಾ!"

ನಾನು ರೂಲ್ಸು ಹೇಳಿದೆ. ಅವರು ಕಣ್ಣೊರೆಸಿಕೊಂಡು ಹೋದರು. ಅಂದಿನಿಂದ ಕಂದಾಯ ಕಟ್ಟಲು ಯಾರೂ ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ಅದೇ ಬೇಸಿಗೆಯಲ್ಲಿ ಕುಡಿಯುವ ನೀರಿನ ಮೋಟಾರು ಸುಟ್ಟುಹೋಯಿತು. ಗುಬ್ಬಿಯ ರಿಪೇರಿ ಅಂಗಡಿಯವನು ದುಡ್ಡು ಕೊಟ್ಟು ಮೋಟಾರು ತೆಗೆದುಕೊಂಡು ಹೋಗಿ ಎಂದ. ಪಂಚಾಯಿತಿಯ ಸ್ವಂತ ದುಡ್ಡು ಎಂದರೆ ಆ ಕಂದಾಯವೇ, ಅದು ಬಂದೇ ಇರಲಿಲ್ಲ. ಹೆಂಗಸರು ಬಿಂದಿಗೆ ಹೊತ್ತು ತೋಟದ ಬೋರುಗಳಿಗೆ ಅಲೆಯುವುದನ್ನು ಕಿಟಕಿಯಿಂದ ನೋಡುವಾಗ ನನಗೆ ನಾಚಿಕೆಯಾಗುತ್ತಿತ್ತು.

"ಬೋರ್ಡ್ ಕೀಳಾಣ ಸಾ," ಎಂದರು ಗಂಗಣ್ಣ. "ಆಮ್ಯಾಕೆ ನನ್ ಜೊತೆ ಬನ್ನಿ. ಮಾತಾಡ್ಬ್ಯಾಡಿ, ಕೂತ್ಕಳಿ ಸಾಕು."

ಗೌರಮ್ಮನವರ ಜಗಲಿಯಲ್ಲೇ ಮೊದಲು ಕುಳಿತೆವು. ತಡೆಯಲಾರದೆ, "ತಪ್ಪಾಯ್ತಮ್ಮ" ಎಂದುಬಿಟ್ಟೆ. ಅವರು ಒಳಗೆ ಹೋಗಿ, ಮಜ್ಜಿಗೆಯ ಜೊತೆ ದುಡ್ಡನ್ನೂ ತಂದಿಟ್ಟರು. ಗಂಗಣ್ಣ ರಸೀದಿಯಲ್ಲಿ ಅವರ ಗಂಡನ ಹೆಸರನ್ನು ದುಂಡಗೆ ಬರೆದು, ಗಟ್ಟಿಯಾಗಿ ಓದಿ ಕೊಟ್ಟರು. ಗೌರಮ್ಮ ಅದನ್ನು ಕಣ್ಣಿಗೊತ್ತಿಕೊಂಡರು.

"ಖಾತೆ ನಿಮ್ಮ ಹೆಸ್ರಿಗೆ ಮಾಡಿಕೊಡ್ಲಾ ಅಮ್ಮ?" ಎಂದೆ.

"ಇರ್ಲಿ ಬುಡಪ್ಪ. ವರ್ಸಕ್ಕೊಂದ್ಸಲ ಅವ್ರ ಹೆಸ್ರು ಕೂಗೋರು ಇನ್ಯಾರವ್ರೆ?"

ವಾರದೊಳಗೆ ಮೋಟಾರು ಬಂತು, ನಲ್ಲಿಯಲ್ಲಿ ನೀರೂ ಬಂತು. ಅಷ್ಟು ಮಜ್ಜಿಗೆ ಕುಡಿದ ಕಾರ್ಯದರ್ಶಿ ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಇವತ್ತು ಫೋನಿನಲ್ಲೇ ಕಂದಾಯ ಕಟ್ಟಿದೆ, ಎರಡು ನಿಮಿಷದ ಕೆಲಸ. ಈ ಮನೆಯ ಖಾತೆ ನನ್ನ ಹೆಂಡತಿಯ ಹೆಸರಿನಲ್ಲಿದೆ. ಅವಳು ಹೋಗಿ ಮೂರು ವರ್ಷವಾಯಿತು. ಬದಲಾಯಿಸಿಕೊಳ್ಳಿ ಎಂದು ಮಗಳು ಹೇಳುತ್ತಲೇ ಇದ್ದಾಳೆ, ಈ ಸಲ ನಾನೂ ಹೂಂ ಎಂದಿದ್ದೆ. ರಸೀದಿ ಫೋನಿಗೆ ಬಂತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಹೆಸರನ್ನು ಗಟ್ಟಿಯಾಗಿ ಓದಿದೆ.