ಹಲಗೆಯಾಚೆಯ ಎಸ್ತರಜ್ಜಿ

ಮೆಲ್ಲಗೆ ಮಾತಾಡುವವರನ್ನು ಕಂಡರೆ ಎಸ್ತರಜ್ಜಿಗೆ ಸಿಡುಕು. "ಯಾಕಮ್ಮ ಪಿಸುಗುಡ್ತೀಯಾ? ಯಾರಿಗೆ ಹೆದರ್ಕೊಂಡು?" ಎಂದು ಅವರು ಕೇಳಿದರೆ ಬಸವೇಶ್ವರನಗರದ ನಮ್ಮ ಕ್ರಾಸಿನ ಕೊನೆಯವರೆಗೂ ಕೇಳಿಸುತ್ತಿತ್ತು. ಹಾಲೆಂಡಿನ ಯಹೂದಿ ಮನೆತನದವರು. ಅಲ್ಲಿಗೆ ಓದಲು ಹೋಗಿದ್ದ ಮೈಸೂರಿನ ಎಂಜಿನಿಯರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಕನ್ನಡವನ್ನೂ ಹುಳಿ ಮಾಡುವುದನ್ನೂ ಅತ್ತೆಯಿಂದಲೇ ಕಲಿತಿದ್ದರು. ಎಂಬತ್ತೇಳರಲ್ಲೂ ಕೈತುಂಬ ಹಸಿರು ಗಾಜಿನ ಬಳೆ.

ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದೆವು. ನನ್ನ ಮಗಳ ಕುಣಿತ ತಾಳಲಾರದೆ ಹಿಂದಿನ ಮನೆಯ ಮಾಲೀಕರು ನಮ್ಮನ್ನು ಖಾಲಿ ಮಾಡಿಸಿದ್ದರು. ಇಲ್ಲಿಯೂ ಅವಳು ಮಂಚದಿಂದ ಧುಮುಕಿದಾಗ ನಾನು ಕೆಳಗೆ ಓಡಿದೆ.

"ಸಾರಿ ಅಜ್ಜಿ, ಇನ್ಮೇಲೆ ಸದ್ದಾಗದ ಹಾಗೆ ನೋಡ್ಕೋತೀನಿ."

"ಬೇಡ, ಕುಣೀಲಿ ಬಿಡು. ನೀನು ಕೂತ್ಕೋ," ಎಂದರು. ಆವತ್ತೇ ಅವರು ತಮ್ಮ ಬಾಲ್ಯದ ಮಾತು ತೆಗೆದದ್ದು.

ಅವರಿಗಾಗ ಐದು ವರ್ಷ. ನಾಜಿಗಳು ಯಹೂದಿಗಳನ್ನು ಹುಡುಕಿ ಹುಡುಕಿ ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದ ಕಾಲ. ಅಪ್ಪ, ಅಮ್ಮ, ಅಕ್ಕ, ಎಸ್ತರ್ ನಾಲ್ವರನ್ನೂ ಪಕ್ಕದ ಮನೆಯ ದರ್ಜಿ ತನ್ನ ಅಟ್ಟದಲ್ಲಿ ಬಚ್ಚಿಟ್ಟ. ಕೆಳಗೆ ಗಿರಾಕಿಗಳು ಬರುತ್ತಿದ್ದುದರಿಂದ ಹಗಲೆಲ್ಲ ಮಾತಾಡುವಂತಿಲ್ಲ, ಓಡಾಡುವಂತಿಲ್ಲ. ಹೀಗೆ ಎರಡು ವರ್ಷ. ಒಂದು ಬೆಳಿಗ್ಗೆ ಸೈನಿಕರು ಬೀದಿಯ ಮನೆಗಳನ್ನೆಲ್ಲ ಸಾಲಾಗಿ ಶೋಧಿಸುತ್ತ ಬಂದರು.

"ದರ್ಜಿ ಮನೆಗೆ ಅಂಟ್ಕೊಂಡಿದ್ದ ಆಚೆ ಮನೇಲಿ ಒಬ್ಳು ಮುದುಕಿ ಇದ್ಳು. ಅವಳಿಗೂ ನಮ್ಮಪ್ಪನಿಗೂ ಕೋಳಿ ವಿಷ್ಯಕ್ಕೆ ಜಗಳ ಆಗಿ ಮಾತೇ ಇರ್ಲಿಲ್ಲ. ಅವಳ ಮನೆ ಶೋಧಿಸಿ ಮುಗಿಸಿ ದರ್ಜಿ ಮನೆಗೆ ನುಗ್ಗಿದ್ರು. ಎರಡೂ ಅಟ್ಟದ ಮಧ್ಯೆ ಇದ್ದಿದ್ದು ಬರೀ ಹಲಗೆ ಗೋಡೆ. ಒಂದು ಹಲಗೆ ಆ ಕಡೆಯಿಂದ ಸರೀತು. ಕೈಯೊಂದು ಬಂತು. ನನ್ನ ಜಡೆ ಹಿಡ್ದು ಒಳಕ್ಕೆ ಎಳ್ಕೊಂಡ್ಳು. ಹಿಂದೇನೇ ಮೂರೂ ಜನ ನುಸುಳಿದ್ರು. ಸೈನಿಕರು ಮೇಲೆ ಹತ್ತಿದಾಗ ಸಿಕ್ಕಿದ್ದು ಬರೀ ಬಟ್ಟೆ ಗಂಟು."

ತಾವಲ್ಲಿ ಅಡಗಿರುವುದು ಮುದುಕಿಗೆ ಮೊದಲಿನಿಂದಲೂ ಗೊತ್ತಿತ್ತು, ಯಾರಿಗೂ ಬಾಯಿಬಿಟ್ಟಿರಲಿಲ್ಲ ಎಂದರು ಅಜ್ಜಿ. ನಾಲ್ವರೂ ಉಳಿದರು. ಯುದ್ಧ ಮುಗಿದ ದಿನ ಅಪ್ಪ ಅವಳ ಮುಂದೆ ಅಳುತ್ತ ನಿಂತರಂತೆ.

"ಅದಕ್ಕವಳು ಏನಂದ್ಳು ಗೊತ್ತಾ? ಕೋಳಿ ವಿಷ್ಯ ಬೇರೆ, ಅದ್ರಲ್ಲಿ ತಪ್ಪು ನಿಂದೇ, ಅಂದ್ಳು." ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು.

ನಾವು ಮನೆ ಬದಲಿಸಿ ರಾಜರಾಜೇಶ್ವರಿನಗರಕ್ಕೆ ಹೋದ ಮೇಲೆ ಒಮ್ಮೆ ಅಜ್ಜಿಯನ್ನು ನೋಡಿಬರಲು ಹೋಗಿದ್ದೆವು. ಹೊರಡುವಾಗ ಮಗಳ ಕೆನ್ನೆ ಹಿಂಡಿ, "ಮುಂದಿನ ಸಲ ಎರಡು ದಿನ ಇರೋ ಹಾಗೆ ಬಾ" ಎಂದರು.

ಮರುವಾರ ಅವರ ಮಗ ಫೋನ್ ಮಾಡಿದರು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. "ಕಷ್ಟ ಏನೂ ಪಡ್ಲಿಲ್ಲಮ್ಮ," ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಆದರೂ ಒಳಗೆಲ್ಲೋ ಒಂದು ನೆಮ್ಮದಿ: ತಮ್ಮದೇ ಮನೆ, ತಮ್ಮದೇ ಮಂಚ, ಮಟಮಟ ಮಧ್ಯಾಹ್ನ, ಬೀದಿಬಾಗಿಲು ತೆರೆದೇ ಇತ್ತಂತೆ.