ಬರೀ ‘ಬರ್ತೀನಿ’ ಅಂದರೆ

ನಮ್ಮತ್ತೆಯ ಎರಡೂ ಕಿರುಬೆರಳು ಹೊರಕ್ಕೆ ಬಾಗಿದ್ದವು. ಸುಮ್ಮನೆ ಕೂತಿದ್ದಾಗಲೂ ಅವು ಸುಮ್ಮನಿರುತ್ತಿರಲಿಲ್ಲ. ಎದುರಿನವರು ಆಡುವ ಮಾತನ್ನೆಲ್ಲ ಅತ್ತೆ ತೊಡೆಯ ಮೇಲೋ ಊಟದೆಲೆಯ ಅಂಚಿನಲ್ಲೋ ಟೈಪ್ ಮಾಡುತ್ತಲೇ ಇರುತ್ತಿದ್ದರು. ಮದುವೆಮನೆಯಲ್ಲಿ ಯಾರಾದರೂ ಚಾಡಿ ಶುರುಮಾಡಿದರೆ ಬೆರಳಿನ ವೇಗ ಹೆಚ್ಚುತ್ತಿತ್ತು. ಅದನ್ನು ನೋಡಿಯೇ ಮಾತಿನಲ್ಲಿ ಎಷ್ಟು ಮಸಾಲೆ ಇದೆ ಎಂದು ನಾವು ಮಕ್ಕಳು ಅಳೆಯುತ್ತಿದ್ದೆವು.

ಅವರು ಅಪ್ಪನ ಅಕ್ಕ. ರಾಜಾಜಿನಗರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು, ಅದರ ಹಿಂದಿನ ಕೋಣೆಯಲ್ಲೇ ಮನೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಮಾಡಿದವಳು ನಾನೊಬ್ಬಳೇ. “ಟೈಮ್ ಸಿಗ್ಲಿಲ್ಲ ಕಣೇ. ಗಂಡು ಬಂದಾಗೆಲ್ಲ ನಮ್ಮ ಹುಡುಗರಿಗೆ ಪರೀಕ್ಷೆ ಇರ್ತಿತ್ತು” ಅಂದರು. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕಲಿಯಲು ಬಂದವರು ಕೀ ನೋಡಿಕೊಂಡು ಹೊಡೆದರೆ ಮುಗಿಯಿತು, ಸೊಂಟದಲ್ಲಿದ್ದ ಕರ್ಚೀಫು ತೆಗೆದು ಅವರ ಕೈಮೇಲೆ ಹೊದಿಸಿಬಿಡುತ್ತಿದ್ದರು. “ನೋಡದೆ ಹೊಡಿ. ಬೆರಳಿಗೆ ಗೊತ್ತಿರತ್ತೆ, ನಿನಗೇ ನಂಬಿಕೆ ಇಲ್ಲ.” ಪಶ್ಚಿಮ ಬೆಂಗಳೂರಿನ ಎಷ್ಟೋ ಗುಮಾಸ್ತರು ಆ ಕರ್ಚೀಫಿನ ಕೆಳಗೇ ಕೆಲಸ ಹುಡುಕಿಕೊಂಡವರು. ತಪ್ಪು ಹೊಡೆದರೆ ಮಾತ್ರ ಕ್ಷಮೆಯಿಲ್ಲ. ಒಂದು ಅಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ ಹೊಡೆಯಬೇಕು, ಅಣ್ಣನ ಮಗಳೇ ಆಗಲಿ ತಮ್ಮನ ಮಗಳೇ ಆಗಲಿ. ನನ್ನ ಬೆರಳು ಮಾತ್ರ ಯಾವ ಕರ್ಚೀಫಿಗೂ ಬಗ್ಗಲಿಲ್ಲ. ಮುಂದೆ ನಾನು ಕೆಂಗೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರಾದ ಮೇಲೂ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದೆ. ಅದನ್ನು ನೋಡಿದಾಗಲೆಲ್ಲ ಅತ್ತೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಅವರ ಕಿವಿ ಹೋಗುತ್ತಿದೆ ಎಂದು ಮೊದಲು ಹೇಳಿದ್ದು ಟೈಪ್‌ರೈಟರ್. ಸಾಲು ಮುಗಿಯುವ ಮುಂಚೆ ಟಿಣ್ ಎಂದು ಗಂಟೆ ಬಡಿಯುತ್ತದಲ್ಲ, ಒಂದು ದಿನ ಅದು ಕೇಳಿಸದೆ ಅತ್ತೆ ಹೊಡೆಯುತ್ತಲೇ ಹೋದರು. ಹಾಳೆಯ ಬಲತುದಿಯಲ್ಲಿ ಅಕ್ಷರದ ಮೇಲೆ ಅಕ್ಷರ ಬಿದ್ದು ಕಪ್ಪು ಮಚ್ಚೆಯಾಯಿತು. ಕೆಳಗೆ ಗಿರಣಿ, ಮೇಲೆ ಸಾಲು ಸಾಲು ಮಷಿನ್ನು; ಕಿವಿ ಇಷ್ಟು ದಿನ ಉಳಿದದ್ದೇ ಹೆಚ್ಚು ಎಂದು ಅಮ್ಮ ಅಂದರು. ಕಿವಿಗೆ ಯಂತ್ರ ಹಾಕಿಸಿದೆವು. “ಇದರಲ್ಲಿ ಗಿರಣಿ ಒಂದೇ ಕೇಳ್ಸತ್ತೆ” ಎಂದು ಅತ್ತೆ ಅದನ್ನು ಡ್ರಾಯರಿನಲ್ಲಿಟ್ಟರು.

ಆಮೇಲೆ ಎಲ್ಲರೂ ಅವರ ಹತ್ತಿರ ಮೊದಲು ಕೂಗಿ ಮಾತಾಡಿದರು, ಆಮೇಲೆ ಕಮ್ಮಿ ಮಾತಾಡಿದರು, ಆಮೇಲೆ ಕೈಸನ್ನೆಗೆ ಇಳಿದರು. ಮನೆಯಲ್ಲಿ ನಾವೆಲ್ಲ ಬಿದ್ದು ಬಿದ್ದು ನಗುವಾಗ ಅತ್ತೆ “ಏನಂತೆ?” ಎಂದು ಕೇಳಿದರೆ ಯಾರಾದರೊಬ್ಬರು “ಏನಿಲ್ಲ ಬಿಡಿ” ಅಂದುಬಿಡುತ್ತಿದ್ದರು. “ತುಟಿ ನೋಡಿ ನನಗೆ ಚೆನ್ನಾಗಿ ಅರ್ಥ ಆಗೋದು ಅದೊಂದೇ ಮಾತು ಕಣೇ” ಎಂದು ಅತ್ತೆ ಒಮ್ಮೆ ನನ್ನ ಹತ್ತಿರ ಅಂದರು. ಇನ್‌ಸ್ಟಿಟ್ಯೂಟಿನಲ್ಲೂ ಅದೇ ಕತೆ. ಡೌಟು ಕೇಳಲು ಬಂದ ಹುಡುಗರು ಎರಡು ಸಲ ಕೂಗಿ, “ಏನಿಲ್ಲ ಬಿಡಿ ಮೇಡಂ” ಎಂದು ಹೋಗಿ ಕೂರುತ್ತಿದ್ದರು. ಆಮೇಲೆ ಬರುವುದನ್ನೇ ಬಿಡುತ್ತಿದ್ದರು.

ಆ ವರ್ಷದ ಸಂಕ್ರಾಂತಿಗೆ ಅತ್ತೆ ವಿಜಯನಗರದ ನಮ್ಮ ಮನೆಗೆ ಬಂದಾಗ ಎಲ್ಲರೂ ಸುತ್ತ ಕೂತು ಹಿದುಕಿದ ಬೇಳೆಗೆ ಅವರೆಕಾಳು ಹಿದುಕುತ್ತಿದ್ದೆವು. ಅಪ್ಪ ಅದೇ ಸಮಯ ನೋಡಿ, ಅರ್ಧ ಕೂಗಿ ಅರ್ಧ ಹಾಳೆಯಲ್ಲಿ ಬರೆದು, ವಿಷಯ ತೆಗೆದರು. ಟೈಪ್‌ರೈಟರ್ ಕಾಲ ಮುಗಿಯಿತು, ಕಿವಿಯೂ ಹೋಯಿತು, ಇನ್‌ಸ್ಟಿಟ್ಯೂಟ್ ಮುಚ್ಚಿ ಇಲ್ಲಿಗೆ ಬಂದುಬಿಡು ಎಂಬುದು ಅಪ್ಪನ ವಾದ.

“ಬಂದು?” ಅಂದರು ಅತ್ತೆ.

“ಬಂದು ಆರಾಮಾಗಿರು!”

“ನಿಮ್ಮನೇಲಿ ಕೂತು ವರ್ಷವೆಲ್ಲ ಅವರೆಕಾಳು ಹಿದುಕ್ಲಾ? ಕಂಪ್ಯೂಟರ್ ತಗೋತೀನಿ ಕಣೋ. ಕಂಪ್ಯೂಟರ್ ಕ್ಲಾಸ್ ಮಾಡ್ತೀನಿ.”

“ಕಿವಿ ಕೇಳದೆ ಪಾಠ ಹೆಂಗೆ ಮಾಡ್ತೀಯಕ್ಕ?”

ಅದು ಅತ್ತೆಗೆ ಕೇಳಿಸಲಿಲ್ಲವೋ, ಕೇಳಿಸದವರ ಹಾಗೆ ಇದ್ದರೋ. ಕೊನೆಗೆ ಯುಗಾದಿಯವರೆಗೆ ಗಡುವು ಎಂದಾಯಿತು. ಅಷ್ಟರೊಳಗೆ ಒಬ್ಬರೇ ಕ್ಲಾಸು ನಡೆಸಿ ತೋರಿಸಿದರೆ ಸರಿ, ಇಲ್ಲವಾದರೆ ಬೀಗ.

ನಾಲ್ಕು ಹಳೇ ಕಂಪ್ಯೂಟರ್ ಬಂದವು. ನಾನು ತುಂಬು ಬಸುರಿ, ಆದರೂ ಹೋಗಿ ವೈರು ಜೋಡಿಸಿ, ನಾಲ್ಕಕ್ಕೂ ಒಂದೇ ಮೋಡೆಮ್ಮಿನಿಂದ ಇಂಟರ್‌ನೆಟ್ ಕೊಟ್ಟು ಬಂದೆ. ಹೆರಿಗೆಯಾದ ಮೇಲೆ ಅಮ್ಮ ನನ್ನನ್ನು ಹೊಸಿಲು ದಾಟಿಸುವುದಿಲ್ಲ ಎಂಬುದು ಗೊತ್ತಿತ್ತು. ಅತ್ತೆಯ ಕಂಪ್ಯೂಟರ್ ಕೆಟ್ಟರೆ ಫೋನಿನಲ್ಲಿ ಹೇಳಿಕೊಡೋಣವೆಂದರೆ ಅವರಿಗೆ ಕೇಳದು. ಉಳಿದದ್ದು ಚಾಟ್ ಒಂದೇ. ಮೂರು ಥರದ ಸಾಫ್ಟ್‌ವೇರ್ ಹಾಕಿಕೊಟ್ಟು, ನೋಡಿ ಆರಿಸಿಕೊಳ್ಳಿ ಎಂದೆ. ಅವುಗಳ ಹೆಸರು ಹಿಡಿದು ಕರೆಯುವ ಗೋಜಿಗೆ ಅತ್ತೆ ಹೋಗಲಿಲ್ಲ. ಒಂದು ‘ಮಾತಿನ ಮಲ್ಲಿ’, ಇನ್ನೊಂದು ‘ಮೈಮೇಲೆ ಬರೋದು’, ಮೂರನೆಯದು ‘ಪೆನ್ಸಿಲ್‌ದು’.

ನನ್ನ ಮನಸ್ಸು ಮಾತಿನ ಮಲ್ಲಿಯ ಮೇಲಿತ್ತು. ಅದರಲ್ಲಿ ನಾನು ಇಲ್ಲಿಂದಲೇ ಅತ್ತೆಯ ಕಂಪ್ಯೂಟರಿನ ಒಳಗೆ ಹೋಗಿ ಅವರ ಪರದೆಯ ಮೇಲೆ ಕೆಲಸ ಮಾಡುವುದು ಸಲೀಸು, ದನಿಯೂ ಸ್ವಚ್ಛ. “ದನಿ ಕಟ್ಕೊಂಡು ನಾನೇನ್ ಮಾಡ್ಲಿ?” ಎಂದು ಅತ್ತೆ ಅದನ್ನು ತಳ್ಳಿಹಾಕಿದರು. ಎರಡನೆಯದರಲ್ಲಿ ಒಂದು ಬಟನ್ ಒತ್ತಿದರೆ ಎದುರಿನವರ ಪರದೆಯ ಕಿಟಕಿ ಗಡಗಡ ನಡುಗುತ್ತಿತ್ತು. ಕಿವಿ ಕೇಳದವರನ್ನು ಕರೆಯಲು ಎಷ್ಟು ಚೆನ್ನ ಎಂದುಕೊಂಡು ಪಕ್ಕದ ಕಂಪ್ಯೂಟರಿನಲ್ಲಿ ಕೂತು ಒತ್ತಿದೆ. ಅತ್ತೆ ಕುರ್ಚಿ ಹಿಂದಕ್ಕೆ ಸರಿಸಿ, “ಇದಕ್ಕೆ ಬೇವಿನ ಸೊಪ್ಪಲ್ಲಿ ನಿವಾಳಿಸು ಮೊದಲು” ಅಂದರು.

ಮೂರನೆಯದು ಬಡಪಾಯಿ. ಅದರಲ್ಲೂ ಒಳಗೆ ಹೋಗಬಹುದಿತ್ತು, ಆದರೆ ಪರದೆ ಮೂಡುವಷ್ಟರಲ್ಲಿ ಅನ್ನ ಬೇಯುತ್ತಿತ್ತು. ಅದರಲ್ಲಿದ್ದ ವಿಶೇಷ ಒಂದೇ. ಎದುರಿನವರು ಟೈಪ್ ಮಾಡಲು ಶುರುಮಾಡಿದೊಡನೆ ಅವರ ಹೆಸರಿನ ಪಕ್ಕ ಒಂದು ದಪ್ಪ ಪೆನ್ಸಿಲ್ ಅಲ್ಲಾಡುತ್ತಿತ್ತು. ಅತ್ತೆ ಅದನ್ನೇ ನೋಡುತ್ತಾ ಕೂತರು.

“ಇದೇ ಇರಲಿ.”

“ಅಯ್ಯೋ ಅತ್ತೆ, ಇದು ಆಮೆ. ಪೆನ್ಸಿಲ್ ನೋಡಿ ಯಾರಾದ್ರೂ ಸಾಫ್ಟ್‌ವೇರ್ ಆರಿಸ್ತಾರಾ?” ಎಂದು ಟೈಪಿಸಿದೆ.

“ನೀನು ಬಾಯಿ ತೆರೀತಿದೀಯ ಅಂತ ನನಗೆ ಮೊದಲೇ ಗೊತ್ತಾಗತ್ತೆ. ಈಗ ಯಾರೂ ನನ್ನ ಹಿಂದೆ ನಿಂತು ಮಾತಾಡಿ ಮುಗ್ಸಕ್ಕಾಗಲ್ಲ.”

ನಾನು ಉಳಿದ ಎರಡನ್ನೂ ಅಳಿಸಿದೆ. ಅವರು ಆರಿಸಿದ್ದು ಸರಿಯಾಗಿತ್ತು.

ಮಗು ಹುಟ್ಟಿತು. ಬಾಣಂತಿಯಾದ ನನ್ನ ಕಿವಿಗೆ ಅಮ್ಮ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು ಕೂರಿಸಿದರು. ಕಂಪ್ಯೂಟರ್ ನೋಡಿದರೆ ಬಾಣಂತಿಯ ಕಣ್ಣು ಹೋಗುತ್ತೆ ಎಂಬುದು ಅವರ ಶಾಸ್ತ್ರ. ಮಧ್ಯಾಹ್ನ ಅಮ್ಮ ಕಣ್ಣು ಮುಚ್ಚಿದ ಕೂಡಲೇ ನಾನು ಮೋಡೆಮ್ ಹಾಕುತ್ತಿದ್ದೆ. ಅಲ್ಲೊಬ್ಬಳು ಕಿವುಡಿ, ಇಲ್ಲೊಬ್ಬಳು ಹತ್ತಿ ತುಂಬಿಕೊಂಡ ಕಿವುಡಿ, ನಡುವೆ ಒಂದು ಪೆನ್ಸಿಲ್. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು. ಪ್ರಿಂಟರ್ ಬಗ್ಗೆ ಶುರುವಾದದ್ದು ಸೀಗೆಪುಡಿಗೆ ಹೋಗಿ, ಮಗುವಿನ ಹೊಟ್ಟೆನೋವಿಗೆ ಬಂದು, ಮತ್ತೆ ಪ್ರಿಂಟರಿಗೆ ತಿರುಗುತ್ತಿತ್ತು. ಅತ್ತೆ ಇಷ್ಟೊಂದು ಮಾತಾಡಿ ಎಷ್ಟು ವರ್ಷವಾಗಿತ್ತೋ. ನಾನು ಒಂದು ಸಾಲು ಹುಡುಕಿ ಹುಡುಕಿ ಕುಟ್ಟುವಷ್ಟರಲ್ಲಿ ಅವರದು ಒಂದು ಪುಟ. “ಏನೇ, ಬೆರಳಿಗೂ ಬಾಣಂತನವಾ?” ಎನ್ನುತ್ತಿದ್ದರು.

ತೊಡಕೇನಾದರೂ ಇದ್ದರೆ ನಾನು “ಬರ್ತೀನಿ” ಎಂದು ಹೊಡೆಯುತ್ತಿದ್ದೆ. ಅಂದರೆ ನಿಮ್ಮ ಕಂಪ್ಯೂಟರಿನ ಒಳಗೆ ಬರ್ತೀನಿ ಎಂದು. ಆಗ ಅತ್ತೆ ಮೌಸಿನ ಮೇಲಿಂದ ಕೈ ತೆಗೆದು, ಬಂದ ಅತಿಥಿಗೆ ಚಾಪೆ ಬಿಟ್ಟವರಂತೆ ಹಿಂದೆ ಸರಿದು ಕೂರುತ್ತಿದ್ದರು. ಯುಗಾದಿ ಹತ್ತಿರ ಬಂದಾಗ, ಆ ಪೆನ್ಸಿಲ್‌ದನ್ನು ನಾಲ್ಕೂ ಕಂಪ್ಯೂಟರಿಗೆ ಹಾಕಿಕೊಡು ಎಂದು ಹಟ ಹಿಡಿದರು. ಒಬ್ಬರ ಹತ್ತಿರ ಹರಟಲು ನಾಲ್ಕು ಯಾಕೆ ಎಂದು ಕೇಳಿದರೆ “ಹಾಕು, ಆಮೇಲೆ ಹೇಳ್ತೀನಿ” ಅಂದರು. ಅವರದೂ ಸೇರಿ ಮೂರಕ್ಕೆ ಆಯಿತು. ನಾಲ್ಕನೆಯದು ಅರ್ಧವಾಗಿದ್ದಾಗ ಮಗು ಕಿರುಚಿಕೊಂಡಿತು, ಅಮ್ಮ ಎದ್ದ ಸದ್ದಾಯಿತು. ಗಾಬರಿಯಲ್ಲಿ “ಬರ್ತೀನಿ” ಎಂದು ಹೊಡೆದು, ಮೋಡೆಮ್ ಕಿತ್ತು, ಮುಸುಕೆಳೆದು ಮಲಗಿಬಿಟ್ಟೆ.

ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ಅಪಶಕುನ, ‘ಬರ್ತೀನಿ’ ಅನ್ನಬೇಕು. ನಾನು ಹೊರಟೆ ಎಂದು ಹೇಳಿದ್ದೆ. ನಾನು ಒಳಗೆ ಬರುತ್ತೇನೆಂದು ಅತ್ತೆ ತಿಳಿದರು. ಬರುವವಳಿಗೆ ಬಾಗಿಲು ಹಾಕಬಾರದೆಂದು, ಇಂಟರ್‌ನೆಟ್ ಓಡುವ ಫೋನ್ ಲೈನನ್ನು ಕಟ್ ಮಾಡದೆ ಇಟ್ಟುಕೊಂಡರು.

ಅಪ್ಪ ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಮ್ಯಾನೇಜರ್. ದಿನಾ ಮಧ್ಯಾಹ್ನ ಅಲ್ಲಿಂದ ಇನ್‌ಸ್ಟಿಟ್ಯೂಟಿಗೆ ಫೋನ್ ಮಾಡುವರು. ಕಲಿಯುವ ಯಾರಾದರೂ ಎತ್ತಿಕೊಂಡು, ಮೇಡಂ ಚೆನ್ನಾಗಿದಾರೆ ಎನ್ನುವರು. ಅವತ್ತು ಎಷ್ಟು ಸಲ ತಿರುಗಿಸಿದರೂ ಎಂಗೇಜು. ಅಕ್ಕ ರಿಸೀವರ್ ಹಿಡಿದುಕೊಂಡೇ ಬಿದ್ದಿದ್ದಾಳೆ ಎಂದು ಅಪ್ಪನ ತಲೆಗೆ ಹೊಕ್ಕಿತು. ಸ್ಕೂಟರ್ ಹತ್ತಿದರು. ಮುಂದಿನದು ಸಂಜೆ ಅಪ್ಪ ಬಂದು ನನ್ನ ಕಿವಿಯ ಹತ್ತಿ ತೆಗೆಸಿ ಹೇಳಿದ್ದು.

ಮೆಟ್ಟಿಲು ಹತ್ತಿದರೆ ಮೇಲೆ ಮಾತೇ ಇಲ್ಲ. ಬಾಗಿಲು ತಳ್ಳಿದರಂತೆ. ಒಳಗೆ ನೋಡಿದರೆ ಕೋಣೆ ತುಂಬ ಹುಡುಗ ಹುಡುಗಿಯರು. ಎರಡು ಕಂಪ್ಯೂಟರಿನ ಮುಂದೆ ಇಬ್ಬಿಬ್ಬರು, ಸರದಿಗಾಗಿ ಗೋಡೆಗೊರಗಿ ನಿಂತವರು ಇನ್ನೊಂದಷ್ಟು. ಎಲ್ಲರೂ ಡೌಟನ್ನು ಟೈಪ್ ಮಾಡಿ ಕೇಳುತ್ತಿದ್ದಾರೆ, ಅತ್ತೆ ಮೂಲೆಯ ಮೇಜಿನಲ್ಲಿ ಕೂತು ಟೈಪ್ ಮಾಡಿ ಉತ್ತರ ಕೊಡುತ್ತಿದ್ದಾರೆ. ಒಬ್ಬ ಹುಡುಗ ಏನೋ ಶುರುಮಾಡಿ ನಿಲ್ಲಿಸಿದ. ಅತ್ತೆ ಪರದೆಯಿಂದ ತಲೆಯೆತ್ತಿ ನೇರ ಅವನನ್ನೇ ನೋಡಿ, “ಪೆನ್ಸಿಲ್ ಅಲ್ಲಾಡ್ತು. ಏನೋ ಕೇಳಕ್ಕೆ ಬಂದೆ, ಕೇಳು” ಅಂದರಂತೆ. “ಏನಿಲ್ಲ ಬಿಡಿ ಮೇಡಂ” ಎಂದು ಜಾರಿಕೊಳ್ಳುವ ದಾರಿ ಅಲ್ಲಿ ಮುಚ್ಚಿಹೋಗಿತ್ತು. ಹುಡುಗ ಹಲ್ಲುಕಿರಿದು ಮತ್ತೆ ಹೊಡೆದ.

ಆಗ ಅತ್ತೆ ಅಪ್ಪನನ್ನು ನೋಡಿದರು.

“ಏನೋ, ಈ ಹೊತ್ತಲ್ಲಿ?”

ಅಪ್ಪ ಅಭ್ಯಾಸದಂತೆ ಕೂಗಲು ಬಾಯಿ ತೆರೆದರು. “ಶ್! ಕ್ಲಾಸ್ ನಡೀತಿದೆ” ಎಂದು ಅತ್ತೆ ತಮ್ಮ ಮೇಜಿನ ಕೀಬೋರ್ಡನ್ನೇ ಅವರ ಮುಂದೆ ಸರಿಸಿದರು. ಅಪ್ಪ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ‘ಅಕ್ಕ ಒಂದು ಲೋಟ ಕಾಫಿ’ ಎಂದು ಹೊಡೆದರು. ಅತ್ತೆ ಸೊಂಟದ ಕರ್ಚೀಫು ತೆಗೆದು ತಮ್ಮನ ಕೈಮೇಲೆ ಹಾಕಿದರು. ಇಡೀ ಕ್ಲಾಸು ನಕ್ಕಿತು. ಆ ನಗು ಯಾಕೆಂದು ಅತ್ತೆ ಯಾರನ್ನೂ ಕೇಳಬೇಕಾಗಿರಲಿಲ್ಲ.

“ಬೀಗದ ವಿಷಯ ತೆಗೆದ್ರಾ?” ಎಂದು ಕೇಳಿದೆ.

“ಯಾವ ಬೀಗ?” ಅಂದರು ಅಪ್ಪ. ಯುಗಾದಿಯ ದಿನ ಅತ್ತೆ ಬಂದು, ಬೇವು ಬೆಲ್ಲ ತಿಂದು, ಒಬ್ಬಟ್ಟು ಕಟ್ಟಿಸಿಕೊಂಡು, ಸಂಜೆ ಬ್ಯಾಚಿದೆ ಎಂದು ಹೊರಟರು. ನನಗೆ ಎಂಥ ಹೆಮ್ಮೆಯಾಯಿತೆಂದರೆ ಬಾಗಿಲವರೆಗೆ ಹೋಗಿ ಅವರನ್ನು ಅಪ್ಪಿಕೊಂಡೆ.

ಕಂಪ್ಯೂಟರಿನೊಳಗೆ ಬರುತ್ತೇನೆಂದು ಹೇಳಿ ಕಾಯಿಸಿದ್ದಕ್ಕೆ ಮಾತ್ರ ಬೈಸಿಕೊಂಡೆ. ಅವತ್ತಿನಿಂದ ಒಂದು ಕಾನೂನು. ಮಾತು ಮುಗಿಸುವಾಗ ‘ಹೋಗಿ ಬರ್ತೀನಿ’ ಎಂದು ಪೂರ್ತಿ ಹೊಡೆಯಬೇಕು. ಬರೀ ‘ಬರ್ತೀನಿ’ ಅಂದರೆ ಬರುತ್ತಿದ್ದೇನೆ ಎಂದೇ ಅರ್ಥ, ಎದುರಿನವರು ಕಾಯಬೇಕು. ಆಮೇಲಿನ ವರ್ಷಗಳಲ್ಲಿ ಬ್ರಾಡ್‌ಬ್ಯಾಂಡ್ ಬಂತು, ಪೆನ್ಸಿಲ್‌ಗಿಂತ ಚೆಂದದವು ಹತ್ತು ಬಂದವು. ಅತ್ತೆ ಯಾವುದಕ್ಕೂ ಬದಲಾಯಿಸಲಿಲ್ಲ, ಕಾನೂನನ್ನು ಒಂದು ದಿನವೂ ಮುರಿಯಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ ಯಾರಾದರೂ ಬಾಯಿ ತೆರೆದು ಮುಚ್ಚಿಕೊಂಡರೆ ಈಗಲೂ ಅಲ್ಲೇ ನಿಲ್ಲುತ್ತೇನೆ, ಅವರು ಕೇಳುವವರೆಗೂ ಮುಂದೆ ಹೋಗುವುದಿಲ್ಲ. ನನ್ನನ್ನು ಒಳ್ಳೆಯ ಮೇಷ್ಟ್ರು ಎನ್ನುವವರಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲ.

ಹೃದಯದ ಆಪರೇಷನ್ನಿಗೆ ಆಸ್ಪತ್ರೆ ಸೇರುವ ದಿನ ಬೆಳಿಗ್ಗೆ ಅತ್ತೆ ಬ್ಯಾಚು ಮುಗಿಸಿಯೇ ಹೊರಟರು. ನಾನು ಕಾಲೇಜಿನಲ್ಲಿದ್ದೆ. ಪೆನ್ಸಿಲ್ ಅಲ್ಲಾಡಿತು. ಅತ್ತೆಯದು ಅಲ್ಲಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾತು ಬಂದುಬಿಡುತ್ತಿತ್ತು. ಅವತ್ತು ಬಹಳ ಹೊತ್ತು ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಆಮೇಲೆ ಬಂದದ್ದು ಇಷ್ಟು: “ಎಲ್ಲಾ ಆಫ್ ಮಾಡಿದೀನಿ. ಬರ್ತೀನಿ.”

ಆಸ್ಪತ್ರೆಯಿಂದ ಅವರು ಬರಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಆ ಸಾಲನ್ನು ಅಪ್ಪನಿಗೆ ತೋರಿಸಿದೆ. “ನೋಡಿ, ‘ಹೋಗಿ’ ಅನ್ನೋದು ಬಿಟ್ಟುಹೋಗಿದೆ. ಅವಸರಕ್ಕೆ ತಪ್ಪಾಗಿರಬೇಕು” ಎಂದೆ, ಅಳು ತಡೆಯಲಾಗದೆ.

ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಮತ್ತೊಮ್ಮೆ ಓದಿದರು.

“ಅಕ್ಕ ಯಾವತ್ತಾದ್ರೂ ಟೈಪಿಂಗಲ್ಲಿ ತಪ್ಪು ಮಾಡಿದಾಳೇನೇ?”